ಜೈಲು ಶಿಕ್ಷೆ ಮುಗಿಸಿದ ವೈದ್ಯರನ್ನು ಕೌನ್ಸಿಲ್ ಮತ್ತೆ ಯಾಕೆ ವಿಚಾರಿಸುತ್ತದೆ?

ಪ್ರಶ್ನೆ: ನಮ್ಮ ಹತ್ತಿರದ ಸಂಬಂಧಿಯೊಬ್ಬರು ವೈದ್ಯರು. ಹೆಂಡತಿಗೆ ಹೊಡೆದು ತೀವ್ರವಾಗಿ ಗಾಯಗೊಳಿಸಿದ ಕೇಸಿನಲ್ಲಿ ಅವರಿಗೆ ಜೈಲಾಯಿತು. ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದಾರೆ. ಈಗ ಮೆಡಿಕಲ್ ಕೌನ್ಸಿಲ್‌ನಿಂದ ನೋಟಿಸ್ ಬಂದಿದೆ. ಕೋರ್ಟ್ ಒಮ್ಮೆ ಶಿಕ್ಷೆ ಕೊಟ್ಟ ಮೇಲೆ ಇನ್ನೊಂದು ಶಿಕ್ಷೆ ಯಾಕೆ? ಅವರು ಯಾವ ರೋಗಿಗೂ ತೊಂದರೆ ಮಾಡಿದವರಲ್ಲ. ಒಳ್ಳೆಯ ಕೈಗುಣ ಎಂದು ಎಲ್ಲರೂ ಹೇಳುತ್ತಾರೆ. ಅವರು ಮತ್ತೆ ಡಾಕ್ಟರ್ ಆಗಿ ಕೆಲಸ ಮಾಡಬಹುದೇ?

ಉತ್ತರ: ಅವರು ಯಾವ ದೇಶದಲ್ಲಿ ನೋಂದಣಿ ಮಾಡಿಸಿದ್ದಾರೆ ಎಂದು ನೀವು ಬರೆದಿಲ್ಲ. ಪರವಾಗಿಲ್ಲ. ನಿಯಮದ ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ, ಆದರೆ ಹಿಂದಿರುವ ಆಲೋಚನೆ ಹೆಚ್ಚು ಕಡಿಮೆ ಒಂದೇ. ವೈದ್ಯರಿಗೆ ಮಾತ್ರವಲ್ಲ, ದಂತವೈದ್ಯರಿಗೆ, ನರ್ಸ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಕೂಡ ಇದೇ ಅನ್ವಯಿಸುತ್ತದೆ. ಬೇಕಾದ ಕಡೆ ಆಯಾ ದೇಶದ ಕಾನೂನು ಹೇಳುತ್ತಾ ಹೋಗುತ್ತೇನೆ.

ಮೊದಲು, ಒಂದೇ ತಪ್ಪಿಗೆ ಎರಡು ಶಿಕ್ಷೆ ಎಂಬ ಮಾತು. ಕೋರ್ಟ್ ನೋಡುವುದು ಹಿಂದೆ ಆದದ್ದನ್ನು. ಈ ಮನುಷ್ಯ ಏನು ಮಾಡಿದ, ಅದಕ್ಕೆ ಎಷ್ಟು ಶಿಕ್ಷೆ? ಕೌನ್ಸಿಲ್ ಕೇಳುವುದು ಮುಂದಿನದನ್ನು. ನಾಳೆ ಒಬ್ಬ ರೋಗಿಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಇವರ ಕೈಗೆ ಒಪ್ಪಿಸಬಹುದಾ? ಕೋರ್ಟ್ ಈ ಪ್ರಶ್ನೆಯನ್ನು ಕೇಳಿರುವುದಿಲ್ಲ. ಹಾಗಾಗಿ ಅದಕ್ಕೆ ಉತ್ತರವೂ ತೀರ್ಪಿನಲ್ಲಿ ಇರುವುದಿಲ್ಲ.

ಭಾರತದ ಸಂವಿಧಾನದ 20(2)ನೇ ವಿಧಿ ಒಂದೇ ಅಪರಾಧಕ್ಕೆ ಎರಡು ಸಲ ಮೊಕದ್ದಮೆ ನಡೆಸಿ ಶಿಕ್ಷಿಸಬಾರದು ಎನ್ನುತ್ತದೆ. ಆದರೆ ಇಲಾಖಾ ವಿಚಾರಣೆ ಕ್ರಿಮಿನಲ್ ಮೊಕದ್ದಮೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಒಬ್ಬ ಸರ್ಕಾರಿ ಅಧಿಕಾರಿಯ ಪ್ರಕರಣದಲ್ಲಿ ಹೇಳಿದೆ. ಕೌನ್ಸಿಲ್ ವಿಚಾರಣೆಯೂ ಅದೇ ಜಾತಿಗೆ ಸೇರಿದ್ದು.

ಈ ಗೆರೆಯನ್ನು ತುಂಬ ಸ್ಪಷ್ಟವಾಗಿ ಎಳೆದಿರುವುದು ನ್ಯೂಜಿಲೆಂಡ್. ಅಲ್ಲಿನ 2003ರ ಕಾಯ್ದೆಯ ಪ್ರಕಾರ ಶಿಸ್ತು ನ್ಯಾಯಮಂಡಳಿ ನೋಂದಣಿ ರದ್ದು ಮಾಡಬಹುದು, 3 ವರ್ಷದವರೆಗೆ ಅಮಾನತು ಮಾಡಬಹುದು, ಷರತ್ತು ಹಾಕಬಹುದು, 30,000 ಡಾಲರ್‌ವರೆಗೆ ದಂಡ ಕೂಡ ಹಾಕಬಹುದು. ಆದರೆ ಅದೇ ಕೃತ್ಯಕ್ಕೆ ಕೋರ್ಟ್ ಈಗಾಗಲೇ ಅಪರಾಧಿ ಎಂದಿದ್ದರೆ ದಂಡ ಮಾತ್ರ ಹಾಕುವಂತಿಲ್ಲ. ದಂಡ ಹಾಕಿದರೆ ಅದು ಶಿಕ್ಷೆ. ನೋಂದಣಿ ತೆಗೆದರೆ ಅದು ರೋಗಿಗಳ ರಕ್ಷಣೆ. ಈ ವ್ಯತ್ಯಾಸವನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ.

ನೋಂದಣಿ ಹೋದವರಿಗೆ ಇದು ಶಿಕ್ಷೆಯ ಹಾಗೇ ನೋಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ವರ್ಷಗಟ್ಟಲೆ ಓದಿದ್ದು, ಸಂಪಾದನೆ, ಹೆಸರು ಎಲ್ಲವೂ ಅದರಲ್ಲಿದೆ. ಇಂಗ್ಲೆಂಡಿನ ನ್ಯಾಯಾಧೀಶ ಸರ್ ಥಾಮಸ್ ಬಿಂಗಮ್ 1990ರ ದಶಕದಲ್ಲಿ ಒಬ್ಬ ವಕೀಲರ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಬ್ಬ ಸದಸ್ಯನ ಅದೃಷ್ಟಕ್ಕಿಂತ ಇಡೀ ವೃತ್ತಿಯ ಮೇಲೆ ಜನ ಇಟ್ಟಿರುವ ನಂಬಿಕೆ ದೊಡ್ಡದು, ವೃತ್ತಿಯಿಂದ ಸಿಗುವ ಲಾಭಗಳಿಗೆ ತೆರಬೇಕಾದ ಬೆಲೆಯಲ್ಲಿ ಇದೂ ಒಂದು ಎಂಬುದು ಅದರ ಸಾರ. ಆರೋಗ್ಯ ವೃತ್ತಿಗಳ ಶಿಸ್ತು ಸಮಿತಿಗಳು ಇವತ್ತಿಗೂ ಈ ಮಾತನ್ನು ಆಧಾರವಾಗಿ ಇಟ್ಟುಕೊಳ್ಳುತ್ತವೆ.

ಇನ್ನು, ರೋಗಿಗಳಿಗೆ ಏನೂ ಮಾಡಿಲ್ಲ ಎಂಬ ವಾದ. ಈ ವಾದ ನಿಮ್ಮ ಸಂಬಂಧಿಯ ಪ್ರಕರಣದಲ್ಲಿ ನಿಲ್ಲುವುದು ಕಷ್ಟ. ಮನೆಯಲ್ಲಿ ಪೆಟ್ಟು ತಿಂದ ಹೆಂಗಸು ಮೊದಲು ಹೋಗುವುದು ಎಲ್ಲಿಗೆ? ಎಷ್ಟೋ ಸಲ ಡಾಕ್ಟರ ಹತ್ತಿರವೇ. ಮೆಟ್ಟಿಲಲ್ಲಿ ಜಾರಿ ಬಿದ್ದೆ ಎನ್ನುತ್ತಾಳೆ. ಗಾಯ ನೋಡಿ ನಿಜ ಊಹಿಸಿ, ಅವಳಿಗೆ ಹೆದರಿಕೆಯಾಗದ ಹಾಗೆ ಎರಡು ಮಾತು ಕೇಳಬೇಕಾದವರು ಆ ಡಾಕ್ಟರ್. ಆ ಕುರ್ಚಿಯಲ್ಲಿ ಹೆಂಡತಿಗೆ ಹೊಡೆದು ಜೈಲಿಗೆ ಹೋಗಿ ಬಂದವರು ಕೂತಿದ್ದಾರೆ ಎಂದು ಗೊತ್ತಾದರೆ ಅವಳು ಬಾಯಿ ಬಿಡುತ್ತಾಳಾ? ಕೈಗುಣ ಎಷ್ಟೇ ಚೆನ್ನಾಗಿರಲಿ, ಈ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಭಾರತದ 2002ರ ವೃತ್ತಿ ನಡತೆ ನಿಯಮಗಳು ಇದನ್ನು ನೇರವಾಗಿಯೇ ಹೇಳುತ್ತವೆ. ನೈತಿಕ ಅಧಃಪತನ ಅಥವಾ ಅಪರಾಧ ಕೃತ್ಯದ ಪ್ರಕರಣದಲ್ಲಿ ಕೋರ್ಟ್ ಅಪರಾಧಿ ಎಂದರೆ ಅದೇ ವೃತ್ತಿ ದುರ್ನಡತೆ. ಆ ಅಪರಾಧ ಕ್ಲಿನಿಕ್ಕಿನ ಒಳಗೇ ಆಗಿರಬೇಕು ಎಂಬ ಷರತ್ತು ಅಲ್ಲಿಲ್ಲ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳನ್ನು ಹೊರಡಿಸಿ ಅದೇ ತಿಂಗಳು ತಡೆಹಿಡಿದರು. ಹಾಗಾಗಿ 2002ರ ನಿಯಮಗಳೇ ಮತ್ತೆ ಚಾಲ್ತಿಗೆ ಬಂದವು.

ಇಲ್ಲಿ ಒಂದು ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಅಪರಾಧದ ಹೆಸರನ್ನು ನೋಡಿಯೇ ಜನ ತೀರ್ಮಾನಕ್ಕೆ ಬರುತ್ತಾರೆ. ಕೊಲೆ ಅಂದರೆ ದೊಡ್ಡದು, ಮದ್ದಿನ ಸುಳ್ಳು ಚೀಟಿ ಬರೆದದ್ದು ಅಂದರೆ ಸಣ್ಣದು. ರೋಗಿಗೆ ಇರುವ ಅಪಾಯವನ್ನು ಹೀಗೆ ಅಳೆದರೆ ಎರಡೂ ಕಡೆ ಮೋಸ ಹೋಗುತ್ತೇವೆ. ಬ್ರಿಟನ್ನಿನಲ್ಲಿ ಎರಡೂ ಆಗಿದೆ.

ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯನ ಹೆಸರು ನೀವು ಕೇಳಿರಬಹುದು. 15 ರೋಗಿಗಳನ್ನು ಕೊಂದದ್ದಕ್ಕೆ 2000ದ ಜನವರಿ 31ರಂದು ಅವನು ಅಪರಾಧಿ ಎಂದು ತೀರ್ಪು ಬಂತು. ಮುಂದಿನ ತಿಂಗಳೇ ಜನರಲ್ ಮೆಡಿಕಲ್ ಕೌನ್ಸಿಲ್ ಅವನ ಹೆಸರನ್ನು ರಿಜಿಸ್ಟರ್‌ನಿಂದ ತೆಗೆದುಹಾಕಿತು. ಆಮೇಲೆ ಕೂತ ವಿಚಾರಣಾ ಆಯೋಗ ಕನಿಷ್ಠ 215 ಜನರನ್ನು ಅವನು ಕೊಂದಿದ್ದಾನೆ ಎಂದು ಹೇಳಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕೋರ್ಟು ಅವನನ್ನು ಅಪರಾಧಿ ಎಂದದ್ದು ಅದೇ ಮೊದಲ ಸಲವಲ್ಲ.

1976ರಲ್ಲಿ ಅವನಿಗೆ ಒಮ್ಮೆ ಶಿಕ್ಷೆಯಾಗಿತ್ತು. ಪೆಥಿಡಿನ್ ಎಂಬ ನೋವಿನ ಮದ್ದಿನ ಚಟಕ್ಕೆ ಬಿದ್ದಿದ್ದ. ಅದನ್ನು ಪಡೆಯಲು ರೋಗಿಗಳ ಹೆಸರಿನಲ್ಲಿ ಸುಳ್ಳು ಚೀಟಿ ಬರೆದಿದ್ದ. ಕೋರ್ಟ್ 600 ಪೌಂಡ್ ದಂಡ ಹಾಕಿತು. ವಿಷಯ ಕೌನ್ಸಿಲ್ ಮುಂದೆ ಬಂತು. ಚಿಕಿತ್ಸೆ ಪಡೆದಿದ್ದಾನೆ, ಮನೋವೈದ್ಯರ ವರದಿ ಚೆನ್ನಾಗಿದೆ ಎಂದು ಶಿಸ್ತು ವಿಚಾರಣೆಯನ್ನೇ ನಡೆಸಲಿಲ್ಲ. ಎಚ್ಚರಿಕೆಯ ಪತ್ರ ಕಳಿಸಿ ಕೈತೊಳೆದುಕೊಂಡಿತು. ಅಪಾಯಕಾರಿ ಮದ್ದುಗಳನ್ನು ಬರೆಯುವ ಅವನ ಅಧಿಕಾರಕ್ಕೂ ಯಾರೂ ಕೈ ಹಚ್ಚಲಿಲ್ಲ. ಮಾರನೇ ವರ್ಷ ಅವನು ಹೈಡ್ ಎಂಬ ಊರಿಗೆ ಹೋಗಿ ಮತ್ತೆ ಪ್ರಾಕ್ಟೀಸ್ ಶುರು ಮಾಡಿದ. ಅಲ್ಲಿ ಅವನು ಕೊಲ್ಲಲು ಬಳಸಿದ್ದು ಮುಖ್ಯವಾಗಿ ಡೈಯಮಾರ್ಫಿನ್ ಎಂಬ ಇನ್ನೊಂದು ಬಲವಾದ ನೋವಿನ ಮದ್ದು. ಅದನ್ನು ಕೂಡಿಹಾಕಿದ ದಾರಿಗಳಲ್ಲಿ ಒಂದು ಹಳೆಯದೇ. ರೋಗಿಗಳ ಹೆಸರಿನಲ್ಲಿ ಚೀಟಿ ಬರೆಯುವುದು.

ಅವನು ಕೊಲೆಗಾರ ಎಂದು 1976ರಲ್ಲಿ ಯಾರೂ ಊಹಿಸಲು ಸಾಧ್ಯವಿರಲಿಲ್ಲ. ಚಟಕ್ಕೆ ಬಿದ್ದ ವೈದ್ಯರಿಗೆ ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳಬೇಕು ಎಂಬ ಮನಸ್ಸು ಕೂಡ ಒಳ್ಳೆಯದೇ. ನನ್ನ ಅಭಿಪ್ರಾಯದಲ್ಲಿ ಆಗ ಅವನ ಹೆಸರನ್ನು ಶಾಶ್ವತವಾಗಿ ತೆಗೆಯಬೇಕಿತ್ತು ಎನ್ನುವುದು ಸರಿಯಲ್ಲ. ಆದರೆ ಆ ಬಗೆಯ ಮದ್ದುಗಳನ್ನು ಬರೆಯಬಾರದು, ಇಟ್ಟುಕೊಳ್ಳಬಾರದು, ಅವನ ಲೆಕ್ಕವನ್ನು ಬೇರೆಯವರು ಆಗಾಗ ನೋಡಬೇಕು ಎಂಬ ಷರತ್ತು ಹಾಕಬಹುದಿತ್ತು. ಆ ಅಪರಾಧ ತೋರಿಸುತ್ತಿದ್ದದ್ದು ಅದನ್ನೇ ಅಲ್ವಾ? ರೋಗಿಯ ಹೆಸರನ್ನು ತನ್ನ ಸುಳ್ಳಿಗೆ ಬಳಸಲು ಈ ಮನುಷ್ಯ ಹಿಂಜರಿಯುವುದಿಲ್ಲ ಎಂದು. 600 ಪೌಂಡಿನ ದಂಡ ನೋಡಿ ಅದನ್ನು ಸಣ್ಣದು ಎಂದುಕೊಂಡರು.

ಆ ವಿಚಾರಣಾ ಆಯೋಗದ ಮುಖ್ಯಸ್ಥೆ ನ್ಯಾಯಾಧೀಶೆ ಡೇಮ್ ಜಾನೆಟ್ ಸ್ಮಿತ್. 2004ರ ಡಿಸೆಂಬರ್‌ನಲ್ಲಿ ಬಂದ ಐದನೇ ವರದಿಯಲ್ಲಿ ಅವರು ಶಿಸ್ತು ಸಮಿತಿಗಳು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ ಬರೆದರು. ಈ ವ್ಯಕ್ತಿ ರೋಗಿಗಳನ್ನು ಅಪಾಯಕ್ಕೆ ಒಡ್ಡಿದ್ದಾರೆಯೇ? ವೃತ್ತಿಗೆ ಕೆಟ್ಟ ಹೆಸರು ತಂದಿದ್ದಾರೆಯೇ? ವೃತ್ತಿಯ ಮೂಲ ನಿಯಮವನ್ನು ಮುರಿದಿದ್ದಾರೆಯೇ? ಅಪ್ರಾಮಾಣಿಕವಾಗಿ ನಡೆದಿದ್ದಾರೆಯೇ? ಪ್ರತಿಯೊಂದಕ್ಕೂ ಇನ್ನೊಂದು ತುಂಡು ಇದೆ. ಮುಂದೆ ಹಾಗೆ ಮಾಡುವ ಸಾಧ್ಯತೆ ಇದೆಯೇ? ಬ್ರಿಟನ್ನಿನ ಸಮಿತಿಗಳು ಇವತ್ತಿಗೂ ಈ ಪ್ರಶ್ನೆಗಳನ್ನೇ ಕೇಳುತ್ತವೆ. ನಿಮ್ಮ ಸಂಬಂಧಿ ತಮ್ಮ ಉತ್ತರ ಬರೆಯುವ ಮೊದಲು ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಲಿ.

ಇನ್ನು ಇದರ ಎದುರು ದಿಕ್ಕಿನ ಪ್ರಕರಣ. 2011ರಲ್ಲಿ ಲೆಸ್ಟರ್‌ನ ಆಸ್ಪತ್ರೆಯೊಂದರಲ್ಲಿ ಆರು ವರ್ಷದ ಹುಡುಗ ಸೆಪ್ಸಿಸ್‌ನಿಂದ, ಅಂದರೆ ಸೋಂಕು ಮೈಯೆಲ್ಲ ಕೆಡಿಸುವ ಸ್ಥಿತಿಯಿಂದ, ತೀರಿಕೊಂಡ. ನೋಡಿಕೊಳ್ಳುತ್ತಿದ್ದ ತರಬೇತಿ ವೈದ್ಯೆ ಹದಿಜಾ ಬಾವಾ-ಗಾರ್ಬಾ ಅವರ ಮೇಲೆ ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪ 2015ರಲ್ಲಿ ಸಾಬೀತಾಯಿತು. 2 ವರ್ಷದ ಜೈಲು ಶಿಕ್ಷೆ ವಿಧಿಸಿ, ಅದನ್ನು ಜಾರಿ ಮಾಡದೆ ತಡೆಹಿಡಿದರು. ಹೆರಿಗೆ ರಜೆ ಮುಗಿಸಿ ಅವರು ಆಗಷ್ಟೇ ಕೆಲಸಕ್ಕೆ ಮರಳಿದ್ದರು. ಅವತ್ತು ಬೇರೆ ವೈದ್ಯರ ಕೆಲಸವೂ ಅವರ ತಲೆಯ ಮೇಲಿತ್ತು. ಕಂಪ್ಯೂಟರ್ ಕೆಟ್ಟು ರಕ್ತಪರೀಕ್ಷೆಯ ವರದಿ ತಡವಾಗಿತ್ತು. ಅವರ ತಪ್ಪುಗಳೂ ನಿಜವೇ, ಮಗುವನ್ನು ಕಳೆದುಕೊಂಡ ತಂದೆತಾಯಿಯ ಸಂಕಟವೂ ನಿಜವೇ.

2017ರಲ್ಲಿ ವೈದ್ಯರ ಶಿಸ್ತು ನ್ಯಾಯಮಂಡಳಿ ಅವರನ್ನು 12 ತಿಂಗಳು ಅಮಾನತು ಮಾಡಿತು. ಅಷ್ಟು ಸಾಲದು ಎಂದು ಕೌನ್ಸಿಲ್ಲೇ ಹೈಕೋರ್ಟಿಗೆ ಹೋಯಿತು. 2018ರ ಜನವರಿಯಲ್ಲಿ ಹೈಕೋರ್ಟ್ ಹೆಸರನ್ನೇ ತೆಗೆಯಲು ಹೇಳಿತು. ಸಾವಿರಾರು ವೈದ್ಯರು ಸಿಟ್ಟಿಗೆದ್ದರು. ಅದೇ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಅಮಾನತನ್ನೇ ಎತ್ತಿಹಿಡಿಯಿತು. ಶಿಕ್ಷೆಯಾಗಿದೆ ಎಂಬುದನ್ನು ಗೌರವಿಸಬೇಕು, ಆದರೆ ಇಂಥ ಅಪರಾಧಕ್ಕೆ ಹೆಸರು ತೆಗೆಯಲೇಬೇಕು ಎಂಬ ಸಿದ್ಧ ಸೂತ್ರ ಇಲ್ಲ ಎಂದು ಹೇಳಿತು. ಆಮೇಲೆ ಅವರು ಷರತ್ತಿನ ಮೇಲೆ ಕೆಲಸಕ್ಕೆ ಮರಳಿದರು, ಮುಂದೆ ಆ ಷರತ್ತುಗಳೂ ಹೋದವು. ಅಪರಾಧದ ಹೆಸರು ಇದಕ್ಕಿಂತ ಭಾರವಾಗಿರಲು ಸಾಧ್ಯವೇ? ಆದರೂ ನಾಳೆಯ ರೋಗಿಗೆ ಅವರಿಂದ ಅಪಾಯ ಕಡಿಮೆ ಎಂದೇ ನ್ಯಾಯಮಂಡಳಿ ಕಂಡುಕೊಂಡಿತ್ತು. ಆ ತೀರ್ಪು ನ್ಯಾಯವಾದದ್ದು ಎಂದು ನಾನು ನಂಬುತ್ತೇನೆ.

ನಿಮ್ಮ ಸಂಬಂಧಿಯ ವಿಷಯಕ್ಕೆ ಬರೋಣ. ಕೌನ್ಸಿಲ್ ಮುಂದೆ, ನಾನು ಹೊಡೆದೇ ಇಲ್ಲ, ಕೋರ್ಟ್ ತಪ್ಪು ಮಾಡಿದೆ ಎಂದು ಅವರು ಹೇಳುವ ಯೋಚನೆ ಇದ್ದರೆ ಅದನ್ನು ಬಿಡುವುದು ಒಳ್ಳೆಯದು. ಬ್ರಿಟನ್ನಿನ ನಿಯಮದಲ್ಲಿ ಕೋರ್ಟಿನ ದೃಢೀಕೃತ ಪ್ರತಿಯೇ ಕೊನೆಯ ಪುರಾವೆ. ಅದಕ್ಕೆ ವಿರುದ್ಧವಾಗಿ ವೈದ್ಯರು ತೋರಿಸಬಹುದಾದದ್ದು ಒಂದೇ, ಆ ಪ್ರತಿಯಲ್ಲಿರುವ ವ್ಯಕ್ತಿ ನಾನಲ್ಲ ಎಂದು. ಕೋರ್ಟ್ ಸಾಕ್ಷಿಗಳನ್ನೆಲ್ಲ ಕೇಳಿ, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ ಎಂದ ಮೇಲೆ ಶಿಸ್ತು ಸಮಿತಿ ಆ ಕೇಸನ್ನು ಮತ್ತೆ ಬಿಚ್ಚಿ ಕೂರುವುದಿಲ್ಲ. ಲೂಸಿ ಲೆಟ್ಬಿ ಎಂಬ ನರ್ಸ್ ಶಿಶುಗಳ ಕೊಲೆಯ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ಅಪರಾಧಿ ಎಂದಾಯಿತು. ನಾನು ನಿರಪರಾಧಿ ಎಂದು ಆಕೆ ಹೇಳುತ್ತಲೇ ಇದ್ದರೂ ಡಿಸೆಂಬರ್‌ನಲ್ಲಿ ನರ್ಸಿಂಗ್ ಕೌನ್ಸಿಲ್ ಹೆಸರು ತೆಗೆಯಿತು. ತೀರ್ಪು ತಪ್ಪು ಎನ್ನುವವರು ಹೋಗಬೇಕಾದ್ದು ಮೇಲಿನ ಕೋರ್ಟಿಗೆ.

ಹಾಗಾದರೆ ಮೇಲ್ಮನವಿಯಲ್ಲಿ ಗೆದ್ದರೆ ಎಲ್ಲ ಮುಗಿಯಿತೇ? ಆ ಆಧಾರ ಹೋಗುತ್ತದೆ, ನಿಜ. ಆದರೆ ನಡೆದ ಸಂಗತಿಯನ್ನು ಕೌನ್ಸಿಲ್ ತಾನೇ ವಿಚಾರಿಸಬಹುದು. ಅಲ್ಲಿ ಬೇಕಾಗುವ ಪುರಾವೆಯ ಮಟ್ಟ ಹಲವು ದೇಶಗಳಲ್ಲಿ ಕ್ರಿಮಿನಲ್ ಕೋರ್ಟಿಗಿಂತ ಕಡಿಮೆ. ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ಸರ್ಜನ್ ಆಗಿದ್ದ ಜಯಂತ್ ಪಟೇಲ್ ಅವರ ಮೇಲಿನ ನರಹತ್ಯೆಯ ತೀರ್ಪುಗಳನ್ನು ಅಲ್ಲಿನ ಹೈಕೋರ್ಟ್ 2012ರಲ್ಲಿ ರದ್ದು ಮಾಡಿತು. ಆದರೆ ಅಮೆರಿಕದಲ್ಲಿ ತಮ್ಮ ಮೇಲೆ ಹಿಂದೆ ಆಗಿದ್ದ ಕ್ರಮಗಳನ್ನು ಮುಚ್ಚಿಟ್ಟು ನೋಂದಣಿ ಪಡೆದದ್ದು ವಂಚನೆ ಎಂದು ಅವರು 2013ರಲ್ಲಿ ಒಪ್ಪಿಕೊಂಡರು. 2015ರಲ್ಲಿ ಅಲ್ಲಿನ ನ್ಯಾಯಮಂಡಳಿ ಅವರಿಗೆ ಇನ್ನೆಂದೂ ನೋಂದಣಿ ಸಿಗದ ಹಾಗೆ ಮಾಡಿತು.

ಇದನ್ನು ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಮುಚ್ಚಿಡುವುದು ಮೂಲ ತಪ್ಪಿಗಿಂತ ದೊಡ್ಡದಾಗಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ 12 ತಿಂಗಳು ಅಥವಾ ಹೆಚ್ಚು ಜೈಲು ಆಗಬಹುದಾದ ಆರೋಪ ಬಂದರೆ ವೈದ್ಯರೇ 7 ದಿನದೊಳಗೆ ಮಂಡಳಿಗೆ ಬರೆದು ತಿಳಿಸಬೇಕು. ನ್ಯೂಜಿಲೆಂಡಿನಲ್ಲಿ ಆ ಕೆಲಸ ಕೋರ್ಟಿನದು. 3 ತಿಂಗಳು ಅಥವಾ ಹೆಚ್ಚು ಜೈಲಿಗೆ ಎಡೆಯಿರುವ ಅಪರಾಧವಾದರೆ ಕೋರ್ಟಿನ ರಿಜಿಸ್ಟ್ರಾರ್ ಕೌನ್ಸಿಲ್‌ಗೆ ತಿಳಿಸಲೇಬೇಕು. ಈ ಎರಡನೆಯ ದಾರಿಯೇ ಸರಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತನ್ನ ತಪ್ಪನ್ನು ತಾನೇ ತಿಳಿಸಲಿ ಎಂದು ಕಾಯುತ್ತಾ ಕೂತರೆ ಪ್ರಾಮಾಣಿಕರು ಮಾತ್ರ ತಿಳಿಸುತ್ತಾರೆ.

ಕ್ರಮ ತೆಗೆದುಕೊಳ್ಳಲು ಕೋರ್ಟಿನ ತೀರ್ಪು ಬರುವವರೆಗೆ ಕಾಯಬೇಕು ಎಂದೂ ಇಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್‌ನ ಲೈಸೆನ್ಸ್ ಅನ್ನು ಮಿಷಿಗನ್ ರಾಜ್ಯ 2017ರ ಏಪ್ರಿಲ್‌ನಲ್ಲೇ ರದ್ದು ಮಾಡಿತು. ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದು ಆಮೇಲೆ. ಜರ್ಮನಿಯಲ್ಲಿ ಕ್ರಿಮಿನಲ್ ಕೇಸು ನಡೆಯುತ್ತಿರುವಾಗಲೇ ವೈದ್ಯರ ಪರವಾನಗಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಬಹುದು. ಭಾರತದಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇನ್ನೂ ಖಚಿತವಾಗಿದೆ. ಕೋರ್ಟ್ ದೋಷಾರೋಪ ಹೊರಿಸಿದರೆ ಕೇಸು ಮುಗಿಯುವವರೆಗೆ ನೋಂದಣಿ ಅಮಾನತು. ಶಿಕ್ಷೆಯಾದರೆ ಮೊದಲ ಸಲಕ್ಕೆ 5 ವರ್ಷ ಹೆಸರು ತೆಗೆಯಬೇಕು, ಮತ್ತೆ ಮಾಡಿದರೆ ಶಾಶ್ವತವಾಗಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಮತ್ತೆ ಕೆಲಸ ಮಾಡಬಹುದೇ? ಕೆಲವರಿಗೆ ಆಗುತ್ತದೆ. ಅವರ ಶಿಕ್ಷೆ ಮುಗಿದಿದೆ ಎಂಬುದು ಒಂದು ಅನುಕೂಲ. 2005ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಒಬ್ಬ ದಂತವೈದ್ಯನ ಪ್ರಕರಣದಲ್ಲಿ ಒಂದು ತತ್ವ ಹೇಳಿತು. ಅವನ ಮೇಲೆ ಮಕ್ಕಳ ಅಶ್ಲೀಲ ಚಿತ್ರಗಳ ಅಪರಾಧ ಸಾಬೀತಾಗಿತ್ತು. ಕ್ರಿಮಿನಲ್ ಕೋರ್ಟ್ ಹಾಕಿದ ನಿಗಾವಣೆಯ ಆದೇಶ 3 ವರ್ಷದ್ದು, ಕೌನ್ಸಿಲ್ ಕೊಟ್ಟ ಅಮಾನತು ಬರೀ 12 ತಿಂಗಳಿನದು. ಗಂಭೀರ ಅಪರಾಧಕ್ಕೆ ಆದ ಶಿಕ್ಷೆಯನ್ನು ಪೂರ್ತಿ ಮುಗಿಸುವವರೆಗೆ ಸಾಮಾನ್ಯವಾಗಿ ವೃತ್ತಿಗೆ ಮರಳಲು ಬಿಡಬಾರದು ಎಂದು ಹೈಕೋರ್ಟ್ ಹೇಳಿ, ಹೆಸರನ್ನೇ ತೆಗೆಯಿತು. ಶಿಕ್ಷೆ ಮುಗಿಸುವುದು ಕನಿಷ್ಠ ಅರ್ಹತೆ. ಜೈಲಿನಿಂದ ಹೊರಗೆ ಬಂದಿದ್ದರೂ ಪೆರೋಲ್ ಅಥವಾ ನಿಗಾವಣೆಯ ಅವಧಿ ಬಾಕಿ ಇದ್ದರೆ ಅದು ಮುಗಿದ ಹಾಗಲ್ಲ, ಇದನ್ನು ಖಚಿತಮಾಡಿಕೊಳ್ಳಿ.

ಹೆಸರು ತೆಗೆದರೆ ಬ್ರಿಟನ್ನಿನಲ್ಲಿ 5 ವರ್ಷ ಕಳೆಯದೆ ಮರುಸೇರ್ಪಡೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಅರ್ಜಿ ಹಾಕಿದರೂ ಯೋಗ್ಯ ಎಂದು ತೋರಿಸುವ ಹೊಣೆ ಅವರದೇ. ಅಷ್ಟು ವರ್ಷ ರೋಗಿಗಳನ್ನು ನೋಡದೆ ಇದ್ದವರ ವಿದ್ಯೆಯೂ ಹಿಂದೆ ಬಿದ್ದಿರುತ್ತದೆ, ಅದನ್ನೂ ಪರೀಕ್ಷಿಸುತ್ತಾರೆ.

ನಿಮ್ಮ ಸಂಬಂಧಿಯ ವಿಷಯದಲ್ಲಿ ಸಮಿತಿ ಮುಖ್ಯವಾಗಿ ನೋಡುವುದು ತಾನು ಏನು ಮಾಡಿದೆ ಎಂಬುದು ಅವರಿಗೆ ಅರ್ಥವಾಗಿದೆಯೇ ಎಂದು. ಇದನ್ನು ಬಾಯಿಮಾತಿನಲ್ಲಿ ಸಾಬೀತು ಮಾಡಲು ಆಗದು. ಹಿಂಸೆ ಮಾಡುವವರಿಗೆ ಇರುವ ತರಬೇತಿಯನ್ನು ಪೂರ್ತಿ ಮಾಡಿದ್ದಾರೆಯೇ? ಕುಡಿತ ಇದ್ದರೆ ಬಿಟ್ಟಿದ್ದಾರೆಯೇ, ಅದಕ್ಕೆ ಪರೀಕ್ಷೆಯ ದಾಖಲೆ ಇದೆಯೇ? ಸ್ವತಂತ್ರ ಮನೋವೈದ್ಯರ ವರದಿ ಇದೆಯೇ? ರಕ್ಷಣಾ ಆದೇಶ ಇದ್ದರೆ ಅದನ್ನು ಒಮ್ಮೆಯೂ ಮುರಿದಿಲ್ಲವೇ? ಒಳ್ಳೆಯ ಕೈಗುಣ ಎಂದು ರೋಗಿಗಳು ಬರೆದುಕೊಟ್ಟ ಪತ್ರಗಳಿಗೆ ಇವುಗಳ ಮುಂದೆ ತೂಕ ಕಡಿಮೆ. ಅವರ ಅಪರಾಧ ಗೊತ್ತಿದ್ದೂ ಬರೆದ ಸಹೋದ್ಯೋಗಿಯ ಪತ್ರವಾದರೆ ಸ್ವಲ್ಪ ಬೆಲೆ ಇದೆ.

ಬೇಸರ ಮಾಡಿಕೊಳ್ಳಬೇಡಿ, ಒಂದು ವಿಷಯ ಹೇಳಲೇಬೇಕು. ನಿಮ್ಮ ಪ್ರಶ್ನೆಯಲ್ಲಿ ಅವರ ಹೆಂಡತಿ ಈಗ ಹೇಗಿದ್ದಾರೆ ಎಂಬ ಒಂದು ಸಾಲೂ ಇಲ್ಲ. ಜೈಲು, ನೋಟಿಸ್, ವೃತ್ತಿ ಎಲ್ಲವೂ ಇದೆ. ಅವರ ಹೇಳಿಕೆಯೂ ಹೀಗೇ ಇದ್ದರೆ ಸಮಿತಿ ಅದನ್ನು ಮೊದಲ ಓದಿನಲ್ಲೇ ಹಿಡಿಯುತ್ತದೆ. ನಾನು ಎಷ್ಟು ಕಳೆದುಕೊಂಡೆ ಎಂದು ನಾಲ್ಕು ಪುಟ ಬರೆದವರಿಗಿಂತ, ಅವಳಿಗೆ ನಾನು ಏನು ಮಾಡಿದೆ ಎಂದು ಒಂದು ಪುಟ ಪ್ರಾಮಾಣಿಕವಾಗಿ ಬರೆದವರನ್ನು ಸಮಿತಿ ನಂಬುತ್ತದೆ. ಹಾಗೆಂದು ಈಗ ಆಕೆಯ ಹತ್ತಿರ ಹೋಗಿ, ಎಲ್ಲ ಸರಿಹೋಗಿದೆ ಎಂದು ಬರೆದುಕೊಡು ಎಂದು ಕೇಳಬೇಡಿ. ಅವರೂ ಕೇಳಬಾರದು, ಮನೆಯವರೂ ಕೇಳಬಾರದು. ಅದು ಆಕೆಯ ಮೇಲೆ ಒತ್ತಡ ಹಾಕಿದ ಹಾಗೆ, ಸಮಿತಿಗೂ ಹಾಗೇ ಕಾಣುತ್ತದೆ. ಆಕೆಗೆ ಹೇಳುವುದಿದ್ದರೆ ಆಕೆಯೇ ಹೇಳುತ್ತಾರೆ.

ನೋಟಿಸ್‌ನಲ್ಲಿ ಉತ್ತರಕ್ಕೆ ಗಡುವು ಇರುತ್ತದೆ. ಆ ಗಡುವು ಮೀರಿದರೆ ಹೆಚ್ಚಿನ ಕಡೆ ಅವರಿಲ್ಲದೆಯೇ ವಿಚಾರಣೆ ನಡೆಯುತ್ತದೆ. ಆದೇಶ ಬರುವವರೆಗೆ ಬೇರೆಯವರ ಕ್ಲಿನಿಕ್ಕಿನಲ್ಲಿ ಸುಮ್ನೆ ಸಹಾಯಕ್ಕೆ ಎಂದು ಕೂತು ರೋಗಿಗಳನ್ನು ನೋಡುವುದೂ ಬೇಡ. ಅಮಾನತು ಜಾರಿಯಲ್ಲಿದ್ದರೆ ಅದೇ ಹೊಸ ಆರೋಪವಾಗುತ್ತದೆ. ತೀರ್ಪಿನ ದೃಢೀಕೃತ ಪ್ರತಿ, ಬಿಡುಗಡೆಯ ಕಾಗದ, ನೋಟಿಸ್ ಮೂರನ್ನೂ ತೆಗೆದುಕೊಂಡು ಈ ವಾರವೇ ವಕೀಲರನ್ನು ನೋಡಲಿ. ಆ ವಕೀಲರು ಕೌನ್ಸಿಲ್ ವಿಚಾರಣೆಗಳನ್ನು ನಡೆಸಿ ಗೊತ್ತಿದ್ದವರಾಗಿರಲಿ. ಕ್ರಿಮಿನಲ್ ಕೇಸು ನಡೆಸಿದವರೇ ಇದನ್ನೂ ನಡೆಸಿದರೆ ಹಳೆಯ ವಾದವನ್ನೇ ಮತ್ತೆ ಮಂಡಿಸುವ ಸಾಧ್ಯತೆ ಜಾಸ್ತಿ.